ಹವ್ಯಾಸ, ಅಭ್ಯಾಸ, ಚಟ



ಈ ತಿಂಗಳ ಸಂಚಿಕೆಗೆ ವಿಡಿಯೋ ಗೇಮ್ ಬಗ್ಗೆ ಬರೆಯುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಒಳ್ಳೇದು ಅಂತ ಬರೀತೀಯೋ, ಕೆಟ್ಟದ್ದು ಅಂತ ಬರೀತೀಯೋ?" ಎರಡೂ ಅಲ್ಲ ಎಂದೆ. ಅಮ್ಮನಿಗೆ ಅಷ್ಟು ಸಮಾಧಾನ ಆಗಲಿಲ್ಲ. ನಿಮ್ಮಲ್ಲೂ ಕೆಲವರಿಗೆ ಆಗಲಿಕ್ಕಿಲ್ಲ. ಆದರೂ ಪೂರ್ತಿ ಓದಿ.

ನಮ್ಮ ಮನೆಗಳಲ್ಲಿ ಗೇಮ್ ಆಡುವವರ ಬಗ್ಗೆ ಇರುವುದು ಒಂದೇ ವಾಕ್ಯ: "ಯಾವಾಗ ನೋಡಿದ್ರೂ ಗೇಮು." ಹೋಂವರ್ಕ್ ಮುಗಿಸಿ ಅರ್ಧ ಗಂಟೆ ಮೈನ್‌ಕ್ರಾಫ್ಟ್‌ನಲ್ಲಿ ಮನೆ ಕಟ್ಟುವ ಎಂಟು ವರ್ಷದವನಿಗೂ ಅದೇ ಮಾತು, ಶಾಲೆಯ ತಂಡದಲ್ಲಿ ಆಡುವ ನನಗೂ ಅದೇ ಮಾತು, ರಾತ್ರಿ ಎರಡು ಗಂಟೆಗೆ ಹೊದಿಕೆಯೊಳಗೆ ಫೋನ್ ಹಿಡಿದು ಕೂತವನಿಗೂ ಅದೇ ಮಾತು. ಈ ಮೂವರೂ ಮಾಡುತ್ತಿರುವುದು ಒಂದೇ ಕೆಲಸ ಅಲ್ಲ ಎಂದು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಆಡುವವರು ತಮ್ಮನ್ನು ತಾವೇ ಎರಡು ಗುಂಪು ಮಾಡಿಕೊಂಡಿದ್ದಾರೆ. ಸುಮ್ಮನೆ ಮೋಜಿಗೆ ಆಡುವವರು ಕ್ಯಾಶುಯಲ್, ಮನಸ್ಸಿಟ್ಟು ಆಡುವವರು ಹಾರ್ಡ್‌ಕೋರ್. ನಮ್ಮ ಹೈಸ್ಕೂಲಿನಲ್ಲಿ ಯಾರನ್ನಾದರೂ ವ್ಯತ್ಯಾಸ ಏನು ಎಂದು ಕೇಳಿದರೆ ಗಂಟೆಯ ಲೆಕ್ಕ ಹೇಳುತ್ತಾರೆ, ಇಲ್ಲವೇ ಕಂಪ್ಯೂಟರಿನ ಬೆಲೆ ಹೇಳುತ್ತಾರೆ, ಇಲ್ಲವೇ ಯಾವ ಆಟ ಎಂದು ಹೇಳುತ್ತಾರೆ. ಬಂದೂಕು ಇದ್ದರೆ ನಿಜವಾದ ಆಟ, ಹಸು-ಕೋಳಿ ಸಾಕುವುದಿದ್ದರೆ ಮಕ್ಕಳಾಟ. ಈ ಮೂರು ಅಳತೆಗಳೂ ಸರಿಯಿಲ್ಲ ಎಂದು ನನ್ನ ಅಭಿಪ್ರಾಯ.

ಗಂಟೆಯ ಲೆಕ್ಕ ಯಾಕೆ ಸರಿಯಿಲ್ಲ ಅನ್ನುವುದಕ್ಕೆ ಮೈಸೂರಿನಲ್ಲಿರುವ ನಮ್ಮ ಅಜ್ಜಿಯೇ ಸಾಕ್ಷಿ. ಅಜ್ಜಿ ಕ್ಯಾಂಡಿ ಕ್ರಶ್ ಆಡುತ್ತಾರೆ. ಬೆಳಗ್ಗೆ ಕಾಫಿ ಆದ ಮೇಲೆ ಸ್ವಲ್ಪ, ಮಧ್ಯಾಹ್ನ ಊಟ ಆದ ಮೇಲೆ ಸ್ವಲ್ಪ, ರಾತ್ರಿ ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಸ್ವಲ್ಪ. ಆ ಆಟದಲ್ಲಿ ಐದು ಲೈಫ್ ಕೊಡುತ್ತಾರೆ. ಖಾಲಿಯಾದರೆ ಅರ್ಧ ಗಂಟೆಗೆ ಒಂದರಂತೆ ವಾಪಸ್ ಬರುತ್ತವೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? "ಪುಟ್ಟಿ, ಒಂದು ಲೈಫ್ ಕಳಿಸೇ" ಎಂದು ನ್ಯೂಜೆರ್ಸಿಗೆ ಮೆಸೇಜ್ ಬರುತ್ತದೆ. ಅಲ್ಲಿ ರಾತ್ರಿ ಒಂಬತ್ತು, ಇಲ್ಲಿ ನನ್ನ ಕೆಮಿಸ್ಟ್ರಿ ಕ್ಲಾಸು. ಅಜ್ಜಿಗೆ ಲೈಫ್ ಕಳಿಸುವುದಕ್ಕೆಂದೇ ನನ್ನ ಫೋನಿನಲ್ಲೂ ಆ ಆಟ ಇದೆ. ವಾರದ ಲೆಕ್ಕ ಹಾಕಿದರೆ ಅಜ್ಜಿ ನನಗಿಂತ ಹೆಚ್ಚು ಹೊತ್ತು ಆಡುತ್ತಾರೆ, ಅದರಲ್ಲಿ ನನಗೆ ಸಂಶಯವೇ ಇಲ್ಲ. ಹಾಗಂತ ಅಜ್ಜಿ ಹಾರ್ಡ್‌ಕೋರ್ ಗೇಮರ್ ಆಗಿಬಿಟ್ಟರೇ? "ಯಾಕೆ ಸೋತ್ರಿ ಅಜ್ಜಿ?" ಎಂದು ಕೇಳಿದರೆ "ಬಣ್ಣ ಸರಿಯಾಗಿ ಬೀಳ್ಲಿಲ್ಲ ಕಣೆ" ಎನ್ನುತ್ತಾರೆ. ಅಷ್ಟಕ್ಕೆ ಮುಗಿಯಿತು. ಸೋಲು ಅವರ ಮನಸ್ಸಿನಲ್ಲಿ ಎರಡು ನಿಮಿಷವೂ ಉಳಿಯುವುದಿಲ್ಲ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಅಲ್ಲೇ. ಸೋತ ಮೇಲೆ ನೀವು ಏನು ಮಾಡುತ್ತೀರಿ?

ನಾನು ಆಡುವ ಆಟ ರಾಕೆಟ್ ಲೀಗ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾರುಗಳು ಆಡುವ ಫುಟ್‌ಬಾಲ್. 2015ರಲ್ಲಿ ಬಂದದ್ದು. ಮೂರು ಕಾರು ಈ ಕಡೆ, ಮೂರು ಕಾರು ಆ ಕಡೆ, ಒಂದು ದೊಡ್ಡ ಚೆಂಡು, ಐದು ನಿಮಿಷದ ಪಂದ್ಯ. ಕಾರು ಹಾರುತ್ತದೆ ಕೂಡ, ಅದಕ್ಕೆ ಬೂಸ್ಟ್ ಅನ್ನುವ ಇಂಧನ ಬೇಕು. ಮೈದಾನದಲ್ಲಿ ಬೂಸ್ಟ್ ಸಿಗುವ 34 ಜಾಗಗಳಿವೆ. ಅದರಲ್ಲಿ 6 ದೊಡ್ಡವು. ಒಂದರ ಮೇಲೆ ಹೋದರೆ ಟ್ಯಾಂಕ್ ಪೂರ್ತಿ ತುಂಬುತ್ತದೆ. ಉಳಿದ 28 ಚಿಕ್ಕವು; ಒಂದೊಂದರಲ್ಲಿ ನೂರಕ್ಕೆ 12ರಷ್ಟು ಮಾತ್ರ ಸಿಗುತ್ತದೆ. ಹೊಸಬರೆಲ್ಲ ದೊಡ್ಡದರ ಹಿಂದೆ ಓಡುತ್ತಾರೆ. ಟ್ಯಾಂಕ್ ತುಂಬಿಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಚೆಂಡು ಗೋಲಿನೊಳಗೆ ಇರುತ್ತದೆ, ಯಾಕೆಂದರೆ ದೊಡ್ಡವು ಇರುವುದು ಮೈದಾನದ ಅಂಚಿನಲ್ಲಿ. ಆಟ ಬಲ್ಲವರು ಚಿಕ್ಕವುಗಳನ್ನೇ ದಾರಿಯಲ್ಲಿ ಒಂದೊಂದಾಗಿ ಆರಿಸಿಕೊಳ್ಳುತ್ತಾ, ಆಟ ಬಿಟ್ಟು ಆಚೆ ಹೋಗದೆ ಹಿಂದಕ್ಕೆ ಬರುತ್ತಾರೆ. ಇದನ್ನು ಯಾರೂ ಆಡುತ್ತಾ ಆಡುತ್ತಾ ತಾನಾಗಿ ಕಲಿಯುವುದಿಲ್ಲ. ಪಂದ್ಯ ಮುಗಿದ ಮೇಲೆ ರಿಪ್ಲೇ ಹಾಕಿ, ಗೋಲು ಬಿದ್ದಾಗ ನನ್ನ ಕಾರು ಎಲ್ಲಿತ್ತು ಎಂದು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಮಾತ್ರ ಗೊತ್ತಾಗುವುದು.

ಇನ್ನೊಂದು ವಿಷಯ ರೊಟೇಶನ್. ಒಬ್ಬರು ಚೆಂಡಿಗೆ ಹೋದರೆ ಇನ್ನೊಬ್ಬರು ಸ್ವಲ್ಪ ಹಿಂದೆ, ಮೂರನೆಯವರು ಇನ್ನೂ ಹಿಂದೆ ಇರಬೇಕು. ಮುಂದಿದ್ದವರು ಹೊಡೆದಾದ ಮೇಲೆ ಸುತ್ತಿ ಹಿಂದಕ್ಕೆ ಬರಬೇಕು. ರಜೆಯಲ್ಲಿ ಮೈಸೂರಿಗೆ ಹೋದಾಗ ಬೀದಿಯಲ್ಲಿ ಆಡುವ ಚಿಕ್ಕ ಮಕ್ಕಳ ಕ್ರಿಕೆಟ್ ನೋಡಿದ್ದೇನೆ. ಚೆಂಡು ಎಲ್ಲಿಗೆ ಹೋದರೂ ಹನ್ನೊಂದು ಜನವೂ ಅಲ್ಲಿಗೇ ಓಡುತ್ತಾರೆ. ರಾಕೆಟ್ ಲೀಗ್‌ನ ಕೆಳಗಿನ ದರ್ಜೆಗಳಲ್ಲಿ ಆಟ ಹಾಗೇ ಇರುತ್ತದೆ, ಮತ್ತು ನಿಜ ಹೇಳಬೇಕೆಂದರೆ ನೋಡಲು ಬಹಳ ಮಜವಾಗಿರುತ್ತದೆ. ಚೆಂಡಿಗೆ ಹೋಗದೆ ಹಿಂದೆ ನಿಲ್ಲುವುದು ಬೋರ್ ಹೊಡೆಸುವ ಕೆಲಸ. ಆ ಬೋರನ್ನು ಒಪ್ಪಿಕೊಂಡವರೇ ಮನಸ್ಸಿಟ್ಟು ಆಡುವವರು. ನಮ್ಮ ತಂಡದ ಅಭ್ಯಾಸ ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ಅದರಲ್ಲಿ ಪಂದ್ಯ ಆಡುವುದು ಅರ್ಧ ಹೊತ್ತು ಮಾತ್ರ. ಉಳಿದ ಹೊತ್ತು ಖಾಲಿ ಮೈದಾನದಲ್ಲಿ ಒಂದೇ ಹೊಡೆತವನ್ನು ನಲವತ್ತು ಸಲ ಹೊಡೆಯುವುದು. ಪಕ್ಕದಲ್ಲಿ ಕೂತು ನೋಡುವವರಿಗೆ ಇದಕ್ಕಿಂತ ನೀರಸವಾದ ದೃಶ್ಯ ಬೇರೆ ಸಿಗಲಿಕ್ಕಿಲ್ಲ. ಸಂಗೀತ ಪಾಠದವರು ಸರಳೆ ವರಸೆ ಹಾಡಿದ ಹಾಗೆ.

ಮನಸ್ಸಿಟ್ಟು ಆಡಿದರೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಟೆಟ್ರಿಸ್ ಕತೆ ನನಗೆ ತುಂಬ ಇಷ್ಟ. ಅಪ್ಪ ಅಮ್ಮಂದಿರಿಗೂ ಗೊತ್ತಿರುವ ಆಟ ಅದು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಅದನ್ನು ಮಾಡಿದರು. 1989ರಲ್ಲಿ ನಿಂಟೆಂಡೊದವರು ತಮ್ಮ ಯಂತ್ರಕ್ಕೆ ತಂದ ಟೆಟ್ರಿಸ್‌ನಲ್ಲಿ 29ನೆಯ ಹಂತಕ್ಕೆ ಬಂದರೆ ತುಂಡುಗಳು ಎಷ್ಟು ವೇಗವಾಗಿ ಬೀಳುತ್ತವೆ ಎಂದರೆ, ಮೇಲಿನಿಂದ ತಳಕ್ಕೆ ಬರಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಗುಂಡಿ ಒತ್ತಿ ಹಿಡಿದರೆ ತುಂಡು ಪಕ್ಕಕ್ಕೆ ಹೋಗುವುದರೊಳಗೆ ಕೆಳಗೆ ಬಿದ್ದಾಗಿರುತ್ತದೆ. ಹಾಗಾಗಿ ಅಲ್ಲಿಗೆ ಆಟ ಮುಗಿಯಿತು, ಮನುಷ್ಯರಿಂದ ಅದರಾಚೆ ಆಗುವುದಿಲ್ಲ ಎಂದು ವರ್ಷಗಟ್ಟಲೆ ಎಲ್ಲರೂ ನಂಬಿದ್ದರು. ಆಮೇಲೆ ಕೆಲವರು ಗುಂಡಿಯನ್ನು ಹಿಡಿಯುವ ಬದಲು ಬೆರಳು ನಡುಗಿಸಿ ಪಟಪಟನೆ ಒತ್ತುವುದನ್ನು ಕಲಿತರು. ಅದಾದ ಮೇಲೆ ಇನ್ನೂ ವಿಚಿತ್ರವಾದ ಉಪಾಯ ಬಂತು: ಹೆಬ್ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರಿನ ಬೆನ್ನಿಗೆ ತಬಲಾ ಬಾರಿಸಿದ ಹಾಗೆ ಬಡಿಯುವುದು. 2023ರ ಡಿಸೆಂಬರಿನಲ್ಲಿ ಓಕ್ಲಹೋಮಾದ 13 ವರ್ಷದ ವಿಲಿಸ್ ಗಿಬ್ಸನ್ ಹೀಗೆ ಆಡುತ್ತಾ 157ನೆಯ ಹಂತಕ್ಕೆ ಹೋದ. ಅಲ್ಲಿ ಆಟವೇ ಕೈಚೆಲ್ಲಿ ನಿಂತುಬಿಟ್ಟಿತು. ಆ ಟೆಟ್ರಿಸ್ ಅನ್ನು ಅಲ್ಲಿಯವರೆಗೆ ಆಡಿ ನಿಲ್ಲಿಸಿದ ಮೊದಲ ಮನುಷ್ಯ ಅವನು. ಆ ಆಟಕ್ಕೆ ಅವನಿಗೆ ಹಿಡಿದದ್ದು ಸುಮಾರು 38 ನಿಮಿಷ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ದಿನಕ್ಕೆ ಒಂದು ಗಂಟೆ ಎಂಬ ನಿಯಮ ಇದೆಯಲ್ಲ, ಅದರೊಳಗೇ ಮುಗಿಯುವ ಆಟ! ಅದರ ಹಿಂದಿನ ತಯಾರಿಯ ಲೆಕ್ಕ ಬೇರೆ, ಬಿಡಿ.

ಈಗ ನಮ್ಮ ಭಾಷೆಯ ಕಡೆಗೆ ಬರುತ್ತೇನೆ. ಇಂಗ್ಲಿಷಿನ ಕ್ಯಾಶುಯಲ್, ಹಾರ್ಡ್‌ಕೋರ್ ಎರಡೂ ನನಗೆ ಸಾಲುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಮೂರು ಪದ ಇವೆ: ಹವ್ಯಾಸ, ಅಭ್ಯಾಸ, ಚಟ. ಇದರಲ್ಲಿ ಅಭ್ಯಾಸಕ್ಕೆ ಎರಡು ಅರ್ಥ ಇರುವುದನ್ನು ನೀವು ಗಮನಿಸಿದ್ದೀರಾ? "ಅವನಿಗೆ ಉಗುರು ಕಚ್ಚೋ ಅಭ್ಯಾಸ" ಎಂದರೆ ರೂಢಿ. "ದಿನಾ ವೀಣೆ ಅಭ್ಯಾಸ ಮಾಡ್ತಾಳೆ" ಎಂದರೆ ಸಾಧನೆ. ಒಂದೇ ಪದ. ತಾನಾಗಿ ಬಂದು ಅಂಟಿಕೊಳ್ಳುವುದೂ ಅಭ್ಯಾಸ, ನಾವಾಗಿ ಕಷ್ಟಪಟ್ಟು ಮಾಡುವುದೂ ಅಭ್ಯಾಸ. ಮನೆಯಲ್ಲಿ ಗೇಮ್ ವಿಷಯಕ್ಕೆ ಜಗಳ ಆಗುವಾಗ ಅಪ್ಪ ಅಮ್ಮ ಮೊದಲನೆಯ ಅರ್ಥದಲ್ಲಿ ಮಾತಾಡುತ್ತಿರುತ್ತಾರೆ, ಮಕ್ಕಳು ಎರಡನೆಯ ಅರ್ಥದಲ್ಲಿ. ಇಬ್ಬರಿಗೂ ತಾವೇ ಸರಿ ಅನಿಸುತ್ತದೆ.

ಹವ್ಯಾಸ ಎನ್ನುವುದು ಬೈಗುಳ ಅಲ್ಲ. ಇದನ್ನು ನನ್ನ ವಯಸ್ಸಿನವರಿಗೆ ಹೇಳಬೇಕು. ಊರಿನಲ್ಲಿ ಹವ್ಯಾಸಿ ರಂಗಭೂಮಿ ಎಂದೇ ಒಂದು ದೊಡ್ಡ ಪರಂಪರೆ ಇದೆ. ಹಗಲು ಆಫೀಸಿಗೆ ಹೋಗಿ ಸಂಜೆ ನಾಟಕ ಆಡುವವರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಆದರೆ ಗೇಮ್ ಆಡುವವರಲ್ಲಿ ಕ್ಯಾಶುಯಲ್ ಎಂದರೆ ಅವಮಾನ ಮಾಡಿದ ಹಾಗೆ. ನನ್ನ ಅಕ್ಕ ಸ್ಟಾರ್‌ಡ್ಯೂ ವ್ಯಾಲಿ ಆಡುತ್ತಾಳೆ. ಹೊಲ ಉಳುವುದು, ಬೀಜ ಬಿತ್ತುವುದು, ಊರಿನವರ ಜೊತೆ ಸ್ನೇಹ ಮಾಡುವುದು. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಹೊರತಂದ ಆಟ. ಅಕ್ಕನ ಕಾಲೇಜಿನ ಹುಡುಗನೊಬ್ಬ "ಅದು ಗೇಮೇ ಅಲ್ಲ" ಎಂದನಂತೆ. ನನಗೆ ಇನ್ನೊಂದು ಥರದ ಪ್ರಶ್ನೆ ಬರುತ್ತದೆ. ಮೈಕ್ ಹಾಕಿಕೊಂಡು ಮಾತಾಡಿದ ಕೂಡಲೇ "ನೀನು ಹುಡುಗೀನಾ? ಅಣ್ಣನ ಅಕೌಂಟಾ?" ನನಗೆ ಅಣ್ಣನೇ ಇಲ್ಲ. ಯಾರು ನಿಜವಾದ ಆಟಗಾರರು ಎಂದು ಬಾಗಿಲಲ್ಲಿ ನಿಂತು ಟಿಕೆಟ್ ಕೇಳುವವರ ಆಟವನ್ನು ನಾನು ನೋಡಿದ್ದೇನೆ. ಹೆಚ್ಚಿನವರು ದೊಡ್ಡ ಬೂಸ್ಟ್ ಹಿಂದೆಯೇ ಓಡುತ್ತಿರುತ್ತಾರೆ.

ಇನ್ನು ಮೂರನೆಯದು, ಚಟ. ಇದರ ಬಗ್ಗೆ ಬರೆಯುವುದು ನನಗೆ ಸುಲಭ ಅಲ್ಲ.

ನಮ್ಮ ಬಂಧುಗಳಲ್ಲಿ ನನಗಿಂತ ಎರಡು ವರ್ಷ ಚಿಕ್ಕ ಹುಡುಗ ಒಬ್ಬನಿದ್ದಾನೆ. ಹೆಸರು, ಊರು ಬೇಡ. ದಿನಕ್ಕೆ ಆರೇಳು ಗಂಟೆ ಆಡುತ್ತಾನೆ. ಕೇಳಿದರೆ "ನಾನು ಹಾರ್ಡ್‌ಕೋರ್, ಪ್ರೊ ಆಗ್ತೀನಿ" ಎನ್ನುತ್ತಾನೆ. ಕಳೆದ ಬೇಸಿಗೆಯಲ್ಲಿ ಒಂದು ವಾರ ಅವರ ಮನೆಯಲ್ಲಿದ್ದೆ. ಅವನು ಸೋತಾಗಲೆಲ್ಲ ಪಕ್ಕದಲ್ಲಿದ್ದೆ. ಒಂದು ಸಲ ಇಂಟರ್‌ನೆಟ್ ನಿಧಾನ, ಇನ್ನೊಂದು ಸಲ ಜೊತೆಗಾರ ದಡ್ಡ, ಮತ್ತೊಂದು ಸಲ ಆಟವೇ ಮೋಸ. ಸೋತ ಮೂರೇ ಸೆಕೆಂಡಿಗೆ ಮತ್ತೆ ಆಡು ಎಂಬ ಗುಂಡಿ ಒತ್ತುತ್ತಾನೆ. ಒಂದು ವಾರದಲ್ಲಿ ಒಂದು ರಿಪ್ಲೇ ನೋಡಲಿಲ್ಲ. ಗೆದ್ದಾಗಲೂ ಅವನು ನಗಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು. ನಮ್ಮ ಅಜ್ಜಿಗೆ ಇರುವ ಖುಷಿಯೂ ಅವನಿಗಿಲ್ಲ, ನಮ್ಮ ತಂಡಕ್ಕೆ ಇರುವ ಕಲಿಕೆಯೂ ಇಲ್ಲ. ಹವ್ಯಾಸವೂ ಅಲ್ಲ, ಅಭ್ಯಾಸವೂ ಅಲ್ಲ.

ಇದರಲ್ಲಿ ಅವನೊಬ್ಬನದೇ ತಪ್ಪು ಎಂದು ನಾನು ಹೇಳುವುದಿಲ್ಲ. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಯಿಂದ. ಈ ತಿಂಗಳು ಮುಗಿಯುವುದರೊಳಗೆ ಇಷ್ಟು ಆಡದಿದ್ದರೆ ಆ ಬಟ್ಟೆ ಮತ್ತೆ ಸಿಗುವುದಿಲ್ಲ. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆಗೆ ದುಡ್ಡು ಕೊಡಿ. ಈ ಪೆಟ್ಟಿಗೆಗಳ ವಿಷಯದಲ್ಲಿ ಬೆಲ್ಜಿಯಂ ದೇಶ 2018ರಲ್ಲೇ ಇದು ಜೂಜು ಎಂದು ಹೇಳಿತು. ಇವೆಲ್ಲ ಆಟದ ಭಾಗ ಅಲ್ಲ, ಅಂಗಡಿಯ ಭಾಗ. ಅಜ್ಜಿಯ ಐದು ಲೈಫ್ ಕೂಡ ಅದೇ ಅಂಗಡಿಯದು, ಆದರೆ ಅಜ್ಜಿಗೆ ಕುಕ್ಕರ್ ಕೂಗಿದರೆ ಫೋನ್ ಇಟ್ಟು ಎದ್ದು ಹೋಗುವುದು ಗೊತ್ತು.

ಅಂಕಲ್, ಆಂಟಿ, ಇದನ್ನು ನಿಮಗಾಗಿ ಹುಡುಕಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬುದೊಂದಿದೆ. 2019ರಲ್ಲಿ ಒಪ್ಪಿಗೆಯಾಗಿ 2022ರಿಂದ ಜಾರಿಗೆ ಬಂದಿದೆ. ಅದರಲ್ಲಿ ಮುಖ್ಯವಾಗಿ ಮೂರು ಲಕ್ಷಣ ಹೇಳಿದ್ದಾರೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸ ಮತ್ತು ಆಸಕ್ತಿಗಳಿಗಿಂತ ಆಟವೇ ಮುಂದೆ ಬರುವುದು, ತೊಂದರೆ ಆಗುತ್ತಿದೆ ಎಂದು ಕಂಡರೂ ಮುಂದುವರಿಸುವುದು. ಅದರಿಂದ ಮನೆ, ಓದು, ಸ್ನೇಹ ಇವುಗಳಿಗೆ ನಿಜವಾದ ಪೆಟ್ಟು ಬಿದ್ದಿರಬೇಕು, ಮತ್ತು ಸಾಮಾನ್ಯವಾಗಿ ಇದು 12 ತಿಂಗಳಾದರೂ ಇದ್ದಿರಬೇಕು. ದಿನಕ್ಕೆ ಇಷ್ಟು ಗಂಟೆ ಎಂಬ ಮಾತು ಅಲ್ಲಿ ಎಲ್ಲೂ ಇಲ್ಲ. ಎರಡು ಗಂಟೆ ಆಡಿದ ಮಗುವಿಗೆ ಚಟ ಎಂದು ಹೆಸರಿಡುವ ಮೊದಲು ಇದನ್ನು ನೆನಪಿಡಿ. ಹಾಗೆಯೇ, ಮಾರ್ಕ್ಸ್ ಚೆನ್ನಾಗಿದೆ, ಅದಕ್ಕೇ ಚಿಂತೆ ಇಲ್ಲ ಎಂದು ಸುಮ್ಮನಾಗುವ ಮೊದಲೂ ನೆನಪಿಡಿ.

ಆಟ ಇಷ್ಟ ಎನ್ನುವುದಕ್ಕೂ ಆಟ ಬರುತ್ತದೆ ಎನ್ನುವುದಕ್ಕೂ ಇರುವ ದೂರ ಹಳೆಯ ವಿಷಯ. ಮಹಾಭಾರತದ ಸಭಾಪರ್ವದಲ್ಲಿ ಶಕುನಿ ದುರ್ಯೋಧನನಿಗೆ ಕೊಡುವ ಧೈರ್ಯವೇ ಇದು: ಧರ್ಮರಾಯನಿಗೆ ಪಗಡೆ ಎಂದರೆ ಪ್ರೀತಿ, ಆದರೆ ಆಡಲು ಬಾರದು. ಎಲ್ಲರೂ ಜೂಜಿನ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ವನಪರ್ವದಲ್ಲಿ ಬೃಹದಶ್ವ ಎಂಬ ಋಷಿ ಅವನಿಗೆ ನಳನ ಕತೆ ಹೇಳಿ, ಪಗಡೆಯ ವಿದ್ಯೆಯನ್ನು ಕಲಿಸುತ್ತಾರೆ. ಕಲಿತ ಮೇಲೆಯೇ ಧರ್ಮರಾಯ ಕಂಕ ಎಂಬ ಹೆಸರಿನಲ್ಲಿ ವಿರಾಟರಾಜನ ಆಸ್ಥಾನದಲ್ಲಿ ಪಗಡೆ ಆಡಿಸುವವನಾಗಿ ಸೇರಿದ್ದು. ಸೋತು ಕಾಡಿಗೆ ಹೋಗುವಷ್ಟಾದ ಮೇಲೆ ಕಲಿತ ಎಂದು ನೀವು ನಗಬಹುದು. ನಾನೂ ನಕ್ಕೆ. ಆದರೆ ಆ ಹುಡುಗನಿಗೆ ಈ ಕತೆ ಹೇಳಿದಾಗ ಅವನು ಮೊದಲ ಬಾರಿ ಕಂಟ್ರೋಲರ್ ಕೆಳಗಿಟ್ಟು ಕೇಳಿಸಿಕೊಂಡ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ನಮ್ಮ ಮನೆಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಮೊದಲು ಗಡಿಯಾರದ ಲೆಕ್ಕ ಇತ್ತು. ಏಳೂವರೆಗೆ ಅಮ್ಮ "ಊಟಕ್ಕೆ ಬಾ" ಎಂದರೆ ಪಂದ್ಯದ ನಡುವೆ ಬಿಟ್ಟು ಏಳಬೇಕು. ಆದರೆ ನಾನು ಎದ್ದರೆ ಉಳಿದ ಇಬ್ಬರು ಮೂವರ ಎದುರು ಆಡಬೇಕು, ಮತ್ತು ನಡುವೆ ಬಿಟ್ಟವರನ್ನು ಆಟ ಸ್ವಲ್ಪ ಹೊತ್ತು ಹೊರಗಿಡುತ್ತದೆ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನನ್ನು "ಬಾ, ಮುದ್ದೆ ಆರ್ತಿದೆ" ಎಂದು ಕರೆದ ಹಾಗೆ. ಈಗ ನಾವು ಪಂದ್ಯದ ಲೆಕ್ಕ ಇಟ್ಟಿದ್ದೇವೆ. ವಾರದ ದಿನ ಐದು ಪಂದ್ಯ. ಅಮ್ಮ ಕರೆದರೆ ನಡೆಯುತ್ತಿರುವ ಪಂದ್ಯ ಮುಗಿಸಿ ಏಳುವುದು. ಹೆಚ್ಚೆಂದರೆ ಐದಾರು ನಿಮಿಷ. ಹೊಸದನ್ನು ಶುರು ಮಾಡುವ ಹಾಗಿಲ್ಲ. ಎಲ್ಲ ಆಟಕ್ಕೂ ಇದು ಹೊಂದುವುದಿಲ್ಲ, ನಿಮ್ಮ ಮಗುವಿನ ಆಟದಲ್ಲಿ ಒಂದು ಸುತ್ತು ಎಂದರೆ ಎಷ್ಟು ಹೊತ್ತು ಎಂದು ಅವರನ್ನೇ ಕೇಳಿ.

ಇನ್ನೊಂದು, "ಎಷ್ಟು ಹೊತ್ತು ಆಡಿದೆ?" ಎಂಬುದರ ಬದಲು "ಇವತ್ತು ಯಾಕೆ ಸೋತೆ?" ಎಂದು ಕೇಳಿ ನೋಡಿ. ಬೈಯುವ ದನಿಯಲ್ಲಿ ಅಲ್ಲ, ಸ್ಪೆಲಿಂಗ್ ಬೀ ಆದ ಮೇಲೆ ಕೇಳುವ ದನಿಯಲ್ಲಿ. ಉತ್ತರ ಉದ್ದವಾಗಿದ್ದರೆ, ಕೈ ತಿರುಗಿಸಿ ತಿರುಗಿಸಿ ವಿವರಿಸಿದರೆ, ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಅದು ಅಭ್ಯಾಸ. "ಗೊತ್ತಿಲ್ಲ, ಸುಮ್ನೆ ಆಡಿದೆ, ಮಜಾ ಬಂತು" ಎಂದರೆ ಅದು ಹವ್ಯಾಸ, ಅದೂ ಒಳ್ಳೆಯದೇ. ಪ್ರತಿ ದಿನವೂ ಬೇರೆಯವರದೇ ತಪ್ಪು, ಮುಖದಲ್ಲಿ ಸಿಟ್ಟು, ಆದರೂ ಬಿಡಲಾಗುತ್ತಿಲ್ಲ ಎಂದರೆ ಪಕ್ಕದಲ್ಲಿ ಕೂತುಕೊಳ್ಳಿ. ವೈಫೈ ಆರಿಸುವುದು ಆಮೇಲೆ.

ಚಿಕ್ಕವರಿಗೆ ಒಂದು ಮಾತು. "ನಾನು ಪ್ರೊ ಆಗ್ತೀನಿ" ಎನ್ನುವುದನ್ನು ಹೋಂವರ್ಕ್ ತಪ್ಪಿಸಲು ಬಳಸಬೇಡಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ವಿಡಿಯೋ ಗೇಮ್‌ಗೂ ಪದಕ ಕೊಟ್ಟರು, ನಿಜ. ಆ ಪದಕ ಗೆದ್ದವರು ನೀವು ನೋಡುವ ಯೂಟ್ಯೂಬ್ ವಿಡಿಯೋದಲ್ಲಿ ಕೂಗಾಡುವವರ ಹಾಗೆ ಆಡುವುದಿಲ್ಲ. ಅವರು ಒಂದೇ ಹೊಡೆತವನ್ನು ನಲವತ್ತು ಸಲವಲ್ಲ, ನಾಲ್ಕು ಸಾವಿರ ಸಲ ಹೊಡೆದಿರುತ್ತಾರೆ. ನಿಮಗೆ ಅದು ಬೇಡ ಎಂದರೆ ಮೈನ್‌ಕ್ರಾಫ್ಟ್‌ನಲ್ಲಿ ಹಾಯಾಗಿ ಮನೆ ಕಟ್ಟಿ. ಯಾರಾದರೂ ನೂಬ್ ಎಂದರೆ ನನ್ನ ಹತ್ತಿರ ಕಳಿಸಿ.

ನನ್ನದೇ ವಿಷಯ ಹೇಳಿ ಮುಗಿಸುತ್ತೇನೆ. ಈಗ ನಾನು ಹನ್ನೊಂದನೇ ತರಗತಿ. ಎಸ್‌ಎಟಿ ಇದೆ, ಜೊತೆಗೆ ಭಾನುವಾರ ಬೆಳಗ್ಗೆ ಚಿಕ್ಕ ಮಕ್ಕಳಿಗೆ ಕನ್ನಡ ಕಾಗುಣಿತ ಹೇಳಿಕೊಡುವುದಿದೆ. ಮಾರ್ಚ್‌ನಲ್ಲಿ ಈ ಸೀಸನ್ ಮುಗಿದ ಮೇಲೆ ತಂಡ ಬಿಡುತ್ತಿದ್ದೇನೆ. ಅಮ್ಮ ಹೇಳಿದ್ದಕ್ಕಲ್ಲ; ಅಮ್ಮ ಇನ್ನೊಂದು ವರ್ಷ ಆಡು ಎಂದೇ ಹೇಳಿದರು, ಅದು ನನಗೂ ಆಶ್ಚರ್ಯ. ರಿಪ್ಲೇ ನೋಡುವಷ್ಟು ಸಮಯ ಕೊಡಲಾಗದಿದ್ದರೆ ತಂಡದ ಮೂರನೆಯ ಕಾರು ನಾನಾಗಿರಬಾರದು ಎಂದು ನನಗೇ ಅನಿಸಿತು. ನನ್ನ ಜಾಗಕ್ಕೆ ಒಂಬತ್ತನೇ ತರಗತಿಯ ಹುಡುಗಿ ಒಬ್ಬಳು ಬರುತ್ತಿದ್ದಾಳೆ. ಚಿಕ್ಕ ಬೂಸ್ಟ್‌ಗಳ ದಾರಿ ಅವಳಿಗೆ ಈಗಾಗಲೇ ಬಾಯಿಪಾಠ. ಏಪ್ರಿಲ್‌ನಿಂದ ನಾನು ಶನಿವಾರ ಸಂಜೆ ಅಕ್ಕನ ಜೊತೆ ಕೂತು ಸ್ಟಾರ್‌ಡ್ಯೂನಲ್ಲಿ ಕುಂಬಳಕಾಯಿ ಬೆಳೆಯುತ್ತೇನೆ. ಸೋಲುವುದು ಹೇಗೆ ಎಂದೇ ಆ ಆಟದಲ್ಲಿ ನನಗಿನ್ನೂ ಗೊತ್ತಾಗಿಲ್ಲ.